ಹಗ್ಗ ಎಳೆದೂ ಎಳೆದೂ ಭುಜ ಬಿದ್ದುಹೋಯ್ತು!

ಪ್ರಶ್ನೆ: ಸರ್, ಹಾರಂಗಿ ಹಿನ್ನೀರಿನ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಹಳೇ ಬೋಟ್ ಒಂದು ಇಟ್ಟುಕೊಂಡಿದ್ದೇವೆ, 25 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ (ಬೋಟಿನ ಹಿಂದೆ ಹೊರಗಡೆ ಕೂರಿಸುವಂಥದ್ದು), ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಜೂನ್‌ನಲ್ಲಿ ಶೆಡ್ಡಿಗೆ ಹಾಕಿದ್ದನ್ನು ಮಳೆ ಮುಗಿದ ಮೇಲೆ ಮೊನ್ನೆ ನೀರಿಗಿಳಿಸಿದೆವು. ನಲವತ್ತು ಸಲ ಎಳೆದರೂ ಒಂದು ಕೆಮ್ಮು ಕೂಡ ಇಲ್ಲ. ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ‘ಸಿಡಿಐ (ಸ್ಪಾರ್ಕ್ ಹುಟ್ಟಿಸುವ ಎಲೆಕ್ಟ್ರಾನಿಕ್ ಡಬ್ಬಿ) ಹೋಗಿದೆ, ಹೊಸದು ಹಾಕಿ’ ಅಂದರು. ಹಾಕಿಸಲಾ?
- ಓದುಗರು, ಸುಂಟಿಕೊಪ್ಪ ಕಡೆಯಿಂದ

ಉತ್ತರ: ಸದ್ಯಕ್ಕೆ ಬೇಡ. ಎಂಜಿನ್ ನೋಡದೆ ಫೋನಿನಲ್ಲಿ ಹೇಳಿದ್ದಕ್ಕೆ ದುಡ್ಡು ಸುರಿಯಬೇಡಿ.

ಮೊದಲು ಕಿಲ್ ಸ್ವಿಚ್, ಅಂದರೆ ಎಂಜಿನ್ ತಕ್ಷಣ ನಿಲ್ಲಿಸುವ ಸ್ವಿಚ್ ನೋಡಿ. ಸುರುಳಿ ದಾರದ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಕ್ಲಿಪ್ ಇರುತ್ತಲ್ವಾ, ಅದು ಜಾಗದಲ್ಲಿ ಕೂತಿಲ್ಲದಿದ್ದರೆ ಹಗ್ಗ ಎಷ್ಟು ಎಳೆದರೂ ಸ್ಪಾರ್ಕ್ ಬರಲ್ಲ. ನಗಬೇಡಿ. ನಾನೇ ಒಮ್ಮೆ ಅರ್ಧ ಗಂಟೆ ಬೆವರು ಸುರಿಸಿ, ಎಂಜಿನ್ನಿಗೆ ಬಾಯಿಗೆ ಬಂದಂತೆ ಬೈದು, ಆಮೇಲೆ ನೋಡಿದರೆ ಕ್ಲಿಪ್ ನನ್ನ ಜರ್ಕಿನ್ ಜೇಬಿನಲ್ಲೇ ಇತ್ತು.

ಅದು ಸರಿ ಇದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಮೂತಿ ನೋಡಿ. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದರೆ ಒಳಗೆ ಪೆಟ್ರೋಲ್ ಜಾಸ್ತಿಯಾಗಿದೆ, ಅಂದರೆ ಫ್ಲಡ್ ಆಗಿದೆ. ಕ್ಲಿಪ್ ತೆಗೆದಿಟ್ಟು, ಪ್ಲಗ್ ಇಲ್ಲದೆ ನಾಲ್ಕೈದು ಸಲ ಹಗ್ಗ ಎಳೆಯಿರಿ, ಒಳಗಿರುವುದು ಹೊರಗೆ ಬರಲಿ. ಪ್ಲಗ್ ಒರೆಸಿ ಹಾಕಿ, ಕ್ಲಿಪ್ ಕೂರಿಸಿ, ಚೋಕ್ ಇಲ್ಲದೆ ಎಳೆಯಿರಿ. ಪ್ಲಗ್ ಒಣಗಿದ್ದರೆ ಪೆಟ್ರೋಲೇ ತಲುಪಿಲ್ಲ. ನಾಲ್ಕು ತಿಂಗಳು ನಿಂತ ಎಂಜಿನ್ನು, ನಿಮ್ಮದು ಈ ಎರಡನೇ ಕೇಸೇ ಅಂತ ನನಗೆ ಅನಿಸುತ್ತದೆ.

ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ಮಧ್ಯದ ರಬ್ಬರ್ ಬಲ್ಬನ್ನು ಬಾಣದ ಗುರುತು ಮೇಲೆ ಬರುವ ಹಾಗೆ ಹಿಡಿದು ಒತ್ತಿ. ಏಳೆಂಟು ಸಲಕ್ಕೆ ಗಟ್ಟಿಯಾಗಬೇಕು. ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಪೈಪ್ ಬಿರಿದಿದೆಯಾ, ಎಂಜಿನ್ ಹತ್ತಿರದ ಕನೆಕ್ಟರ್ ಸರಿಯಾಗಿ ಕೂತಿದೆಯಾ ನೋಡಿ.

ಈಗ ಅಸಲಿ ವಿಷಯ, ಹಳೇ ಪೆಟ್ರೋಲು. ಟ್ಯಾಂಕಿನ ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಗೆ ಹಾಕಿ, ಒಂದು ಗಂಟೆ ಅಲ್ಲಾಡಿಸದೆ ಇಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ನೀರು ಹೀರುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ಕಡೆ ಉಪ್ಪಿನ ಡಬ್ಬಿಯೇ ನೀರಾಗುವಾಗ ಅರ್ಧ ಖಾಲಿ ಟ್ಯಾಂಕ್ ಹೇಗೆ ಒಣಗಿರುತ್ತೆ ಹೇಳಿ! ನೀರು ಮಿತಿ ಮೀರಿದರೆ ಎಥನಾಲ್ ಅದರ ಜೊತೆ ಸೇರಿ ತಳಕ್ಕಿಳಿಯುತ್ತದೆ. ಎಂಜಿನ್ ಪೆಟ್ರೋಲ್ ಎಳೆಯುವ ಪೈಪ್ ಇರುವುದೂ ತಳದಲ್ಲೇ. ಬಾಟಲಿಯಲ್ಲಿ ಎರಡು ಪದರ ಕಂಡರೆ ಪೂರ್ತಿ ಟ್ಯಾಂಕ್ ಖಾಲಿ ಮಾಡಿ. ಮೇಲಿನದ್ದಾದರೂ ಇರಲಿ ಅನ್ನುವ ಲೋಭ ಬೇಡ. ಕೆಳಗಿನ ಪದರದಲ್ಲಿ ಆಯಿಲ್ ಇರೋದಿಲ್ಲ, ಅದರಲ್ಲಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಆಮೇಲೆ ಕಾರ್ಬ್ಯುರೇಟರಿನ ಬೌಲ್ ಕೆಳಗಿನ ಸ್ಕ್ರೂ ಬಿಚ್ಚಿ ಹಳೇದನ್ನು ಹರಿಸಿ. ಪೆಟ್ರೋಲ್ ಚಿಮ್ಮುವ ಸಣ್ಣ ಜೆಟ್ಟಿನ ತೂತಿಗೆ ಅಂಟು ಕಟ್ಟಿದ್ದರೆ ಕ್ಲೀನರ್ ಸ್ಪ್ರೇ ಹೊಡೆಯಿರಿ, ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಮುಗೀತು. ಹೊಸ ಪೆಟ್ರೋಲಿಗೆ ಆಯಿಲ್ ಎಷ್ಟು ಅಂತ ಕೈಪಿಡಿ ನೋಡಿ, 50:1 ಅಂತಿದ್ದರೆ ಲೀಟರಿಗೆ 20 ಎಂಎಲ್. ತೋಟದ ಕಳೆ ಮಿಷನ್ನಿನ ಆಯಿಲ್ ಇದೆಯಲ್ಲ ಅಂತ ಅದನ್ನೇ ಸುರಿಯಬೇಡಿ, ನೀರಿನಲ್ಲಿ ತಣ್ಣಗಾಗುವ ಎಂಜಿನ್ನಿಗೆ ಟಿಸಿ-ಡಬ್ಲ್ಯು3 ದರ್ಜೆಯದ್ದೇ ಬೇಕು.

ಇಷ್ಟಾದರೂ ಕೆಮ್ಮದಿದ್ದರೆ ಮಾತ್ರ ಸ್ಪಾರ್ಕ್ ಪರೀಕ್ಷೆ, ಸಿಡಿಐ ಮಾತು. ಅದನ್ನು ಪೆಟ್ರೋಲ್ ಕ್ಯಾನ್ ದೂರವಿಟ್ಟು, ಗಾಳಿಯಾಡುವ ಕಡೆ ಮಾಡಿಸಿ.

ಪ್ರಶ್ನೆ: ನಮ್ಮ ಬೋಟ್ ಚೆನ್ನಾಗಿ ಸ್ಟಾರ್ಟ್ ಆಗುತ್ತೆ, ಹತ್ತು ನಿಮಿಷಕ್ಕೆ ನಿಂತುಬಿಡುತ್ತೆ. ರಬ್ಬರ್ ಬಲ್ಬ್ ಚಪ್ಪಟೆಯಾಗಿರುತ್ತೆ. ಅಂಗಳದಲ್ಲೇ ಓಡಿಸಿ ನೋಡಬಹುದಾ?
- ಓದುಗರು, ಕುಶಾಲನಗರ

ಉತ್ತರ: ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಸ್ಕ್ರೂ ಇದೆ, ಅದನ್ನು ತೆರೆಯಲು ಮರೆತಿದ್ದೀರಿ ಅನಿಸುತ್ತೆ. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರಲ್ಲ. ಅಂಗಳದಲ್ಲಿ ಬರೀ ಎಂಜಿನ್ ಓಡಿಸಬೇಡಿ, ನೀರಿಲ್ಲದಿದ್ದರೆ ಎಂಜಿನ್ ತಣ್ಣಗಿಡುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ತಿರುಗುವ ರೆಕ್ಕೆ) ಸ್ವಲ್ಪ ಹೊತ್ತಿಗೇ ಸುಟ್ಟುಹೋಗುತ್ತದೆ. ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಎಂಜಿನ್ನಿನ ಕಾಲು ಅದರಲ್ಲಿ ಮುಳುಗಿಸಿ, ನ್ಯೂಟ್ರಲ್‌ನಲ್ಲಿಟ್ಟು ನೋಡಿ.