ಹಸೆಗೋಡೆಯ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ದೀವರ ಸಮುದಾಯದ ಹೆಂಗಸರು ಮದುವೆಗೆಂದು ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಕುರಿತು ನೀವು ಕಳುಹಿಸಿದ ‘ನೆಲೆ, ಮನೆ, ಮನುಷ್ಯ ಸಂಬಂಧ’ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ನಾಲ್ಕನೆಯ ಪುಟದ ಒಂದು ಪ್ಯಾರಾದ ಸಲುವಾಗಿ ಈ ಪತ್ರವನ್ನು ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟಗಳಲ್ಲಿ ‘ಸಮುದಾಯ’ ಎಂಬ ಪದ 17 ಸಲ ಬಂದಿದೆ, ಆದರೆ ಆ ಸಮುದಾಯದ ಒಬ್ಬ ಹೆಂಗಸೂ ಪುಂಡಿನಾರಿನ ಕುಂಚ ಹಿಡಿದು ಕಾಣಿಸಿಕೊಂಡಿಲ್ಲ. ‘ಕಲೆ ಮನಸ್ಸುಗಳನ್ನು ಬೆಸೆಯುತ್ತದೆ’ ಎಂಬ ಮಾತನ್ನು ಯಾವ ಕಲೆಯ ಬಗೆಗಾದರೂ ಬರೆಯಬಹುದು. ಸಾಗರ, ಸೊರಬದ ಕಡೆಯ ದೀವರ ಮನೆಗೇ ಸಲ್ಲುವಂತೆ ಬರೆಯಬೇಕಾದರೆ ಗೋಡೆಯ ಹತ್ತಿರ ಹೋಗಿ ನಿಲ್ಲಬೇಕು. ಅಕ್ಕಿಯನ್ನು ನೆನೆಸಿ ರುಬ್ಬಿದರೆ ಬಿಳಿ, ಅದೇ ಅಕ್ಕಿಯನ್ನು ಸೀಯುವ ತನಕ ಹುರಿದರೆ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಬೀಜದಿಂದ ಹಳದಿ ಎಂಬುದನ್ನೆಲ್ಲ ನೀವು ‘ನೈಸರ್ಗಿಕ ಬಣ್ಣಗಳು’ ಎಂದು ಎರಡೇ ಪದಗಳಲ್ಲಿ ಮುಗಿಸಿದ್ದೀರಿ. ಉಣ್ಣುವ ಅಕ್ಕಿಯೇ ಗೋಡೆಯ ಬಿಳಿಯೂ ಕಪ್ಪೂ ಆಗುವಾಗ ನಿಮ್ಮ ಶೀರ್ಷಿಕೆಯ ನೆಲೆಯೂ ಮನೆಯೂ ಅಲ್ಲೇ ಇವೆ. (ಅಂದಹಾಗೆ, ಅಲ್ಲಿಯವರು ಚಿತ್ತಾರ ‘ಬರೆಯುತ್ತಾರೆ’, ನಿಮ್ಮಲ್ಲೇಕೆ ಅವರು ‘ಕಲಾರಚನೆಯಲ್ಲಿ ತೊಡಗುತ್ತಾರೆ’?)

ಇನ್ನು ಆ ಪ್ಯಾರಾ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ನಿಮ್ಮ ಅಜ್ಜಿಯ ಮನೆ ಶರಾವತಿಯ ಹಿನ್ನೀರಿಗೆ ಸೇರಿತೆಂದೂ, ಹೊಸ ಜಾಗದಲ್ಲಿ ಗೋಡೆ ಏಳುವ ಮುಂಚೆಯೇ ಮಗಳ ಮದುವೆ ಬಂದದ್ದರಿಂದ ಅಜ್ಜಿ ಬಿದಿರ ತಟ್ಟಿಗೆ ಮಣ್ಣು ಮೆತ್ತಿ ಹಸೆ ಬರೆದರೆಂದೂ ಹೇಳಿ, ಮರುವಾಕ್ಯದಲ್ಲೇ ಜಾಗತೀಕರಣಕ್ಕೆ ಹಾರಿಬಿಟ್ಟಿದ್ದೀರಿ. ಓದುತ್ತಿದ್ದ ನಾನು ಇನ್ನೂ ಆ ತಟ್ಟಿಯ ಮುಂದೆಯೇ ನಿಂತಿದ್ದೆ. ಮಣ್ಣು ಒಣಗಿ ಬಿರುಕು ಬಿಟ್ಟಿತೆ? ಅಕ್ಕಪಕ್ಕದವರು ಬೇರೆ ಬೇರೆ ಊರುಗಳಿಂದ ಎದ್ದುಬಂದವರಾಗಿದ್ದರೆ, ಚಿತ್ತಾರ ಬರೆಯುವಾಗಿನ ಹಾಡಿಗೆ ದನಿ ಕೂಡಿಸಿದವರು ಯಾರು? ನಿಲಿ, ಪೋಪಳಿಯಂಥ ಚಿತ್ತಾರದ ಮಾದರಿಗಳನ್ನು ಬರೆಯುವ ರೀತಿಯಲ್ಲಿ ಅವರವರಲ್ಲಿ ಭೇದ ಬಂದಾಗ ಕೊನೆಗೆ ಯಾರ ಗೆರೆ ನಿಂತಿತು? ನೀವು ‘ಮನುಷ್ಯ ಸಂಬಂಧ’ ಎಂದದ್ದು ಈ ಉತ್ತರಗಳಲ್ಲಿ ಸಿಗಬೇಕು.

ಗೇಣಿದಾರರು ಹೂಡಿದ 1951ರ ಕಾಗೋಡು ಸತ್ಯಾಗ್ರಹಕ್ಕೆ ಒಂದೂವರೆ ಪುಟ ಬೇಡ. ಮುಳುಗಿದ ಮನೆಯವರು ಉಳುತ್ತಿದ್ದದ್ದು ಗೇಣಿಯ ಗದ್ದೆಯೋ ಸ್ವಂತದ್ದೋ ಎಂದು ಒಂದು ವಾಕ್ಯದಲ್ಲಿ ತಿಳಿಸಿದರೆ ಸಾಕು.

ಚಿತ್ತಾರವು ಬಟ್ಟೆಗೂ ಕಾಗದಕ್ಕೂ ಇಳಿದದ್ದನ್ನು ನೀವು ‘ಅವನತಿ’ ಎಂದಿರುವುದನ್ನು ನಾನು ಒಪ್ಪಲಾರೆ. ತಟ್ಟಿಯ ಮೇಲೆ ಬರೆದ ಅಜ್ಜಿಯೂ ಒಪ್ಪುತ್ತಿರಲಿಲ್ಲವೇನೋ. ಮಾರಾಟಕ್ಕೆ ಬರೆಯುವ ಹೆಂಗಸರನ್ನು ಮಾತಾಡಿಸದೆ ಆ ತೀರ್ಪು ಕೊಡಬೇಡಿ.

ಭೂಮಿ ಹುಣ್ಣಿಮೆಗೆ ಊರಿಗೆ ಹೋಗುವುದಾಗಿ ತಿಳಿಸಿದ್ದೀರಿ. ಹಬ್ಬದ ಎಡೆಯನ್ನು ಗದ್ದೆಗೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆಯುವ ಹೊತ್ತಿಗೆ ನಿಮ್ಮ ದೊಡ್ಡಮ್ಮನ ಪಕ್ಕದಲ್ಲಿ ಕುಳಿತು ತಟ್ಟಿಯ ವಿಷಯ ಕೇಳಿ. ಆಮೇಲೆ ನಾಲ್ಕನೆಯ ಪುಟದಿಂದ ಆರಂಭಿಸಿ, 1,200 ಪದಗಳೊಳಗೆ ಹೊಸದಾಗಿ ಬರೆದು ಕಳುಹಿಸಿ.

ಇಂತು,
ಸಂಪಾದಕ