ಫ್ಲ್ಯಾಶ್ ಬೆಳಕಿನ ಲೆಕ್ಕಾಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ (ಡೊಂಬಿವಲಿ): ರಾತ್ರಿ ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ಮಾಡೆಲ್ ನಡೆದುಬರುವಾಗ ಫ್ಲ್ಯಾಶ್ ಹಾಕಿದರೆ ಮುಖಕ್ಕೆ ಸುಣ್ಣ ಬಳಿದಂತಾಗುತ್ತದೆ, ಹಿಂದೆಲ್ಲ ಕಗ್ಗತ್ತಲು. ದೀಪಗಳ ಸಾಲೂ ಬರಬೇಕು, ಸೆರಗು ಹಾರಿದ ಜಾಡೂ ಕಾಣಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಶಟರ್ ಬಹುಶಃ 1/200 ಸೆಕೆಂಡಿನಲ್ಲಿದೆ. ಅಷ್ಟು ವೇಗಕ್ಕೆ ದಾರಿದೀಪ ಲೆಕ್ಕಕ್ಕೇ ಬರುವುದಿಲ್ಲ. ಫ್ಲ್ಯಾಶ್ ಬೆಳಕು ಮಿಂಚಿ ಮಾಯವಾಗುತ್ತದೆ. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದಕ್ಕೆ ವ್ಯತ್ಯಾಸವಿಲ್ಲ. ದೀಪದ ಬೆಳಕು ಹಾಗಲ್ಲ, ಶಟರ್ ತೆರೆದಷ್ಟು ಹೊತ್ತೂ ತುಂಬುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಫ್ಲ್ಯಾಶ್ ಆರಿಸಿ, ಮ್ಯಾನುವಲ್ ಮೋಡ್‌ನಲ್ಲಿ ಐಎಸ್‌ಒ 400, ಎಫ್/4, 1/8 ಸೆಕೆಂಡ್ ಇಟ್ಟು ನೋಡಿ. ದೀಪಗಳು ಸರಿಯಾಗಿ ಕಾಣುವವರೆಗೆ ಶಟರ್ ಒಂದನ್ನೇ ಹೆಚ್ಚುಕಡಿಮೆ ಮಾಡಿ. ಆಮೇಲೆ ಸಣ್ಣ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆದುವಾಗಿಸುವ ಬಟ್ಟೆಯ ಗೂಡು) ಹಾಕಿದ ಫ್ಲ್ಯಾಶನ್ನು ಎರಡು ಮೀಟರ್ ದೂರದಲ್ಲಿ 1/16 ಪವರ್‌ಗೆ ಹೊತ್ತಿಸಿ. ಮುಖ ಇನ್ನೂ ಬೆಳ್ಳಗಾದರೆ 1/32.

ಸೆರಗಿನ ಜಾಡು ಹಿಂದೆ ಉಳಿಯಬೇಕಾದರೆ ರಿಯರ್ ಕರ್ಟನ್ ಸಿಂಕ್ ಬೇಕು, ಅಂದರೆ ಶಟರ್ ಮುಚ್ಚುವ ಮುಂಚಿನ ಕ್ಷಣದಲ್ಲಿ ಫ್ಲ್ಯಾಶ್ ಹೊತ್ತಬೇಕು. ಮಾಮೂಲಿ ಸಿಂಕ್‌ನಲ್ಲಿ ಫ್ಲ್ಯಾಶ್ ಶುರುವಿನಲ್ಲೇ ಹೊತ್ತುತ್ತದೆ, ಜಾಡು ಆಮೇಲೆ ಮೂಡಿ ಅವಳ ಮುಂದೆ ಬೀಳುತ್ತದೆ. ಹಿಂದಕ್ಕೆ ನಡೆಯುತ್ತಿರುವಂತೆ ಕಾಣುತ್ತದೆ. ಇನ್ನೊಂದು ಎಡವಟ್ಟು: ಟಿಟಿಎಲ್‌ನಲ್ಲಿ (ಫ್ಲ್ಯಾಶ್‌ನ ಶಕ್ತಿಯನ್ನು ಕ್ಯಾಮೆರಾವೇ ಅಳೆದು ನಿರ್ಧರಿಸುವ ವಿಧಾನ) ಮೊದಲು ಅಳತೆಗೊಂದು ಸಣ್ಣ ಮಿಂಚು ಬರುತ್ತದೆ. ಮಾಡೆಲ್ ಫೋಟೊ ಮುಗಿಯಿತೆಂದು ಮುಖ ತಿರುಗಿಸುತ್ತಾಳೆ, ನಿಜವಾದ ಫ್ಲ್ಯಾಶ್ ಹೊತ್ತುವಾಗ ಸಿಗುವುದು ಕಿವಿ. ಫ್ಲ್ಯಾಶನ್ನು ಮ್ಯಾನುವಲ್‌ಗೆ ಹಾಕಿದರೆ ಈ ತೊಂದರೆಯಿಲ್ಲ. ದೂರದ ಫ್ಲ್ಯಾಶನ್ನು ಹೊತ್ತಿಸುವ ಅಗ್ಗದ ಕೆಲವು ಟ್ರಿಗರ್‌ಗಳಲ್ಲಿ ರಿಯರ್ ಸಿಂಕ್ ಇರುವುದೇ ಇಲ್ಲ, ಕೊಳ್ಳುವ ಮೊದಲು ಕೇಳಿ.

ಅವಳನ್ನು ದೀಪದ ಕಂಬದ ಅಡಿಯಲ್ಲಿ ನಿಲ್ಲಿಸಬೇಡಿ. ಎರಡು ಕಂಬಗಳ ನಡುವಿನ ಮಬ್ಬಿನಲ್ಲಿ ನಡೆಸಿ, ಇಲ್ಲದಿದ್ದರೆ ದೀಪದ ಬೆಳಕೂ ಮುಖದ ಮೇಲೆ ಬಿದ್ದು ಎರಡೆರಡು ಮೂಗು ಮೂಡುತ್ತವೆ. ಬಣ್ಣದ ವಿಷಯಕ್ಕೆ ಬಂದರೆ, ಫ್ಲ್ಯಾಶ್ ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ). ಹಳದಿ ದೀಪ ಅದಕ್ಕಿಂತ ತುಂಬ ಕೆಳಗೆ. ಫ್ಲ್ಯಾಶ್‌ಗೆ ಫುಲ್ ಸಿಟಿಒ ಜೆಲ್ (ಬೆಳಕನ್ನು ಹಳದಿಯಾಗಿಸುವ ಕಿತ್ತಳೆ ಬಣ್ಣದ ಹಾಳೆ) ಕಟ್ಟಿ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 3200ಕ್ಕೆ ಇಳಿಸಿದರೆ ಮೈಬಣ್ಣ ಸಹಜವಾಗಿರುತ್ತದೆ, ಮುಸ್ಸಂಜೆಯಲ್ಲಾದರೆ ಆಕಾಶ ಗಾಢ ನೀಲಿಯಾಗುತ್ತದೆ. ಜೆಲ್ ಬೆಳಕನ್ನೂ ಸ್ವಲ್ಪ ತಿನ್ನುತ್ತದೆ, ಅಷ್ಟು ಪವರ್ ಏರಿಸಿ.

ಪ್ರಶ್ನೆ (ವಾಸ್ಕೊ): ಬೋಗ್ಮಾಲೊ ಕಡಲತೀರದಲ್ಲಿ ಸೂರ್ಯನನ್ನು ಹಿಂದಿಟ್ಟು ಎಫ್/2.8, 1/1600ರಲ್ಲಿ ತೆಗೆದೆ. ಫೋಟೊದ ಕೆಳಭಾಗಕ್ಕೆ ಫ್ಲ್ಯಾಶ್ ಬೆಳಕೇ ಬಿದ್ದಿಲ್ಲ, ಅಡ್ಡಕ್ಕೊಂದು ಕಪ್ಪು ಪಟ್ಟಿ. ಫ್ಲ್ಯಾಶ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಶಟರಿಗೆ ಎರಡು ಪರದೆ. 1/200 ಅಥವಾ 1/250 ದಾಟಿದರೆ ಮೊದಲನೆಯದು ಪೂರ್ತಿ ಸರಿಯುವ ಮುಂಚೆಯೇ ಎರಡನೆಯದು ಹೊರಟಿರುತ್ತದೆ. ಆ ಹೊತ್ತಿಗೆ ಮುಚ್ಚಿದ ಭಾಗವೇ ನಿಮ್ಮ ಕಪ್ಪು ಪಟ್ಟಿ. ಹೈಸ್ಪೀಡ್ ಸಿಂಕ್ (ಪರದೆಗಳು ಸರಿಯುವಷ್ಟು ಹೊತ್ತೂ ಫ್ಲ್ಯಾಶ್ ಬೇಗಬೇಗ ಮಿನುಗುವ ವಿಧಾನ) ಹಾಕಿದರೆ ಪಟ್ಟಿ ಹೋಗುತ್ತದೆ, ಆದರೆ ಫ್ಲ್ಯಾಶ್‌ನ ಶಕ್ತಿ ಎರಡು ಸ್ಟಾಪ್ ಅಥವಾ ಇನ್ನೂ ಹೆಚ್ಚು ಕುಸಿಯುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಲೆನ್ಸಿಗೆ ಮೂರು ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಬೂದು ಗಾಜು) ಹಾಕಿದರೆ 1/1600 ನೇರವಾಗಿ 1/200ಕ್ಕೆ ಇಳಿಯುತ್ತದೆ. ಫಿಲ್ಟರ್ ಫ್ಲ್ಯಾಶ್ ಬೆಳಕನ್ನೂ ತಡೆಯುವುದರಿಂದ ಫ್ಲ್ಯಾಶನ್ನು ಹತ್ತಿರ ತನ್ನಿ: ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಸೂರ್ಯ ಇಳಿದಂತೆ ಫ್ಲ್ಯಾಶ್ ಮುಟ್ಟದೆ ಶಟರ್ ಮಾತ್ರ 1/125, 1/60 ಎಂದು ಇಳಿಸುತ್ತ ಹೋಗಿ.

ತೀರದಲ್ಲಿ ಫ್ಲ್ಯಾಶ್‌ಗೆ ಬೆಳಕು ಹರಡುವ ಕೊಡೆ ಬೇಡ. ಗಾಳಿ ಹೊಕ್ಕರೆ ಸ್ಟ್ಯಾಂಡ್ ಸಮೇತ ಮಗುಚುತ್ತದೆ. ಬಟ್ಟೆಚೀಲಕ್ಕೆ ಐದು ಕಿಲೊ ಮರಳು ತುಂಬಿ ಸ್ಟ್ಯಾಂಡಿಗೆ ಜೋತುಹಾಕಿ, ಮರಳಿಗೇನು ಅಲ್ಲಿ ಬರವೇ? ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ.

ಪ್ರಶ್ನೆ (ಪುಣೆ, ಕೊಥ್ರೂಡ್): ಪೈಠಣಿ ಸೀರೆ ಉಟ್ಟ ಮದುಮಗಳ ಫೋಟೊದಲ್ಲಿ ಜರಿ ಬೆಳ್ಳಗೆ ಉರಿದುಹೋಗುತ್ತದೆ, ನತ್ತಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಮಂಗಲ ಕಾರ್ಯಾಲಯದಲ್ಲಿ (ಮದುವೆ ಮಂಟಪ) ಫ್ಲ್ಯಾಶನ್ನು ಚಾವಣಿಗೆ ಹಾಯಿಸಿ ಬೌನ್ಸ್ ಮಾಡಿದರೂ ಉಪಯೋಗವಿಲ್ಲ.

ಉತ್ತರ: ಕಾರ್ಯಾಲಯದ ಚಾವಣಿ ಎತ್ತರ, ಹೋದ ಬೆಳಕು ಮರಳಿ ಬರುವಷ್ಟರಲ್ಲಿ ಸೋತಿರುತ್ತದೆ. ಪಕ್ಕದ ಬಿಳಿ ಗೋಡೆ ಹುಡುಕಿ. ಗುಲಾಬಿ ಗೋಡೆಗೆ ಹಾಯಿಸಿದರೆ ಮದುಮಗಳೂ ಗುಲಾಬಿ. ಜರಿ ಕನ್ನಡಿಯಿದ್ದಂತೆ, ಬೆಳಕು ಬಿದ್ದ ಕೋನದಲ್ಲೇ ತಿರುಗಿ ಹೊರಡುತ್ತದೆ. ಕ್ಯಾಮೆರಾದ ಮೇಲಿಂದ ಫ್ಲ್ಯಾಶ್ ಇಳಿಸಿ 45 ಡಿಗ್ರಿ ಪಕ್ಕಕ್ಕೆ ಒಯ್ದರೆ ಆ ಹೊಳಪಿನ ಬಹುಪಾಲು ಲೆನ್ಸಿನ ದಾರಿ ತಪ್ಪುತ್ತದೆ. ನತ್ತಿರುವ ಎಡಗಡೆಯಿಂದಲೇ ಬೆಳಕು ಬಿಟ್ಟರೆ ಅದರ ನೆರಳು ತುಟಿಗೆ ಚಾಚುತ್ತದೆ. ಅದಕ್ಕೆ 90 ಸೆಂ.ಮೀ. ಸಾಫ್ಟ್‌ಬಾಕ್ಸನ್ನು ಒಂದು ಮೀಟರಿನಷ್ಟು ಹತ್ತಿರ ತಂದು ನೆರಳನ್ನು ಮೆದುವಾಗಿಸಿ, ಕೆಳಗಿನಿಂದ ಬಿಳಿ ಥರ್ಮೋಕೋಲ್ ಹಿಡಿಸಿ. ಫ್ಯಾಶನ್ ಪುಟಗಳಂತೆ ಗಡುಸು ನೆರಳೇ ಬೇಕೆನ್ನುವವರು ಇದೆಲ್ಲ ಬಿಟ್ಟು ಬರಿ ಫ್ಲ್ಯಾಶ್ ಹಾಕಿ, ಗೋಡೆಗೆ ಒಂದಡಿಯಷ್ಟೇ ಮುಂದೆ ನಿಲ್ಲಿಸಿ ತೆಗೆಯಬಹುದು. ಆದರೆ ಹಣೆಯ ಎಣ್ಣೆಮಿಂಚನ್ನು ಮೊದಲೇ ಟಿಶ್ಯೂವಿನಿಂದ ಒತ್ತಿ ತೆಗೆಯಿರಿ.