ಮನೆಯಲ್ಲೇ ಬೈಕ್ ಸರ್ವಿಸ್: ಎಡವಟ್ಟು ಎಲ್ಲೆಲ್ಲಿ ಆಗುತ್ತದೆ?

"ಬೈಕಿನ ಆಯಿಲ್, ಚೈನ್ ಎಲ್ಲಾ ಮನೆಯಲ್ಲೇ ನೋಡಿಕೊಳ್ಳೋಣ ಅಂತಿದ್ದೇನೆ. ಏನೇನು ಎಡವಟ್ಟು ಆಗಬಹುದು?" ಎಂದು ಕೇಳಿದ್ದೀರಿ. ಧೈರ್ಯವಾಗಿ ಶುರು ಮಾಡಿ. ನನ್ನ ಬೈಕಿನ ಈ ಎರಡೂ ಕೆಲಸ ನಾನೇ ಮಾಡುತ್ತೇನೆ. ಚೈನ್ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕಂದರೆ ಅಲ್ಲಿ ಬೆರಳೇ ಹೋಗಬಹುದು.

ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ಓಡುತ್ತಿರುವ ಚೈನಿಗೆ ಬಟ್ಟೆ ಹಿಡಿಯುವವರು ಬಹಳ ಜನ ಇದ್ದಾರೆ. ಕೆಲಸ ಬೇಗ ಮುಗಿಯಲಿ ಅಂತ. ಬಟ್ಟೆಯ ಒಂದು ಮೂಲೆ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲಿಗೆ ಸಿಕ್ಕರೂ ಸಾಕು, ಅದರ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ. ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ನಮ್ಮ ಬೀದಿಯಲ್ಲೇ ಒಬ್ಬರ ಬೆರಳ ತುದಿ ಹೀಗೆ ಹೋಗಿದೆ. ದಯವಿಟ್ಟು ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ, ಬ್ರಷ್‌ನಿಂದ ಉಜ್ಜಿ. ಆಗಲೂ ಬೆರಳು ಸ್ಪ್ರಾಕೆಟ್ ಹತ್ತಿರ ಹೋಗಬಾರದು. ಓ-ರಿಂಗ್, ಅಂದರೆ ಕೊಂಡಿಗಳಲ್ಲಿ ಸಣ್ಣ ರಬ್ಬರ್ ಉಂಗುರ, ಇರುವ ಚೈನ್ ಆದರೆ ಪೆಟ್ರೋಲ್ ಮುಟ್ಟಿಸಬೇಡಿ, ರಬ್ಬರ್ ಹಾಳಾಗುತ್ತದೆ.

ಚೈನ್ ಟೈಟ್ ಮಾಡುವಾಗ ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಚಕ್ರ ಹಿಂದಕ್ಕೆ ಸರಿದಾಗ ಡ್ರಮ್ ಬ್ರೇಕಿನ ರಾಡ್ ಕೂಡ ಎಳೆದುಕೊಳ್ಳುತ್ತದೆ. ಅದರ ನಟ್ ಸಡಿಲಿಸಿ ಮತ್ತೆ ಹೊಂದಿಸದಿದ್ದರೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಸ್ವಲ್ಪ ದೂರ ಓಡಿಸಿದರೆ ಡ್ರಮ್ ಬಿಸಿ, ಮೈಲೇಜೂ ಕಡಿಮೆ.

ಆಯಿಲ್ ಬದಲಿಸುವಾಗ ಕೈಕೊಡುವುದು ಡ್ರೈನ್ ಬೋಲ್ಟ್, ಅಂದರೆ ಹಳೇ ಆಯಿಲ್ ಹೊರಬಿಡಲು ಎಂಜಿನ್ ಕೆಳಗೆ ಬಿಚ್ಚುವ ಬೋಲ್ಟ್. ಬೋಲ್ಟ್ ಉಕ್ಕಿನದು, ಅದು ಕೂರುವ ಜಾಗ ಅಲ್ಯುಮಿನಿಯಂ. ಆಯಿಲ್ ಸೋರಬಾರದು ಅಂತ ಉದ್ದನೆಯ ಪಾನಾ ಹಾಕಿ ಬಿಗಿದರೆ ಒಳಗಿನ ಥ್ರೆಡ್ಡೇ ಕಿತ್ತು ಬರುತ್ತದೆ. ಆಮೇಲೆ ಹೊಸ ಥ್ರೆಡ್ ಕೂರಿಸಲು ಲೇತ್ ಅಂಗಡಿ ಹುಡುಕಬೇಕು. ಸೋರದಂತೆ ತಡೆಯುವ ಕೆಲಸ ವಾಷರಿನದು, ಅದನ್ನು ಪ್ರತಿ ಸಲ ಹೊಸದು ಹಾಕಿ. ಬೋಲ್ಟನ್ನು ಮೊದಲು ಬರಿಗೈಯಲ್ಲಿ ತಿರುಗಿಸಿ. ಶುರುವಿನಲ್ಲೇ ಬಿಗಿ ಅನ್ನಿಸಿದರೆ ಓರೆಯಾಗಿ ಕೂತಿದೆ ಎಂದೇ ಅರ್ಥ, ಬಿಚ್ಚಿ ಮತ್ತೆ ಕೂರಿಸಿ. ಸ್ಪಾರ್ಕ್ ಪ್ಲಗ್‌ಗೂ ಹೀಗೇ, ಆದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ.

ಮನೆಯಲ್ಲಿ ಉಳಿದಿರುವ ಕಾರಿನ ಆಯಿಲ್ ಹಾಕುವ ಆಸೆ ಬೇಡ. ಗೇರ್ ಬೈಕುಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಕೆಲವು ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಇರುತ್ತದೆ. ಅದರಿಂದ ಕ್ಲಚ್ ಜಾರಿ, ಆಕ್ಸಿಲರೇಟರ್ ಕೊಟ್ಟರೂ ಬೈಕ್ ಎಳೆಯುವುದಿಲ್ಲ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (JASO MA, MA2) ಎಂದಿದೆಯಾ ನೋಡಿ, ಇಂಥ ಕ್ಲಚ್‌ಗೆ ಹೊಂದುವ ಆಯಿಲ್ ಅನ್ನುವುದಕ್ಕೆ ಅದೇ ಗುರುತು. ಎಷ್ಟು ಆಯಿಲ್, ಯಾವ ಗ್ರೇಡ್ ಅನ್ನುವುದು ಬೈಕಿನ ಜೊತೆ ಬಂದ ಪುಸ್ತಕದಲ್ಲೇ ಇರುತ್ತದೆ.

ಡಿಸ್ಕ್ ಬ್ರೇಕ್ ಪ್ಯಾಡ್ ಬದಲಿಸುವುದನ್ನು ಮಾತ್ರ ಮೊದಲ ಸಲ ಗೊತ್ತಿರುವವರ ಪಕ್ಕ ಕೂತು ಕಲಿಯಿರಿ. ಹೊಸ ಪ್ಯಾಡ್ ಕೂರಿಸಲು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಬ್ರೇಕಿನ ಪಿಸ್ಟನ್ ಒಳಗೆ ತಳ್ಳಿರುತ್ತೀರಿ, ಅಲ್ವಾ? ಹಾಗಾಗಿ ಬ್ರೇಕ್ ಲಿವರ್ ಒತ್ತಿದರೆ ಮೊದಲು ಖಾಲಿ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಅದು ಗಟ್ಟಿಯಾಗುವವರೆಗೆ ನಿಂತಲ್ಲೇ ಒತ್ತುತ್ತಾ ಇರಿ. ಅಲ್ಲಿಯವರೆಗೆ ಗಾಡಿ ಗೇಟಿನಿಂದ ಆಚೆ ಹೋಗಬಾರದು.